ಗೆರೆಯಾಚೆಯ ಎರಡು ಇಂಚು

ಟೆನಿಸ್ ಆಟದಲ್ಲಿ ಚೆಂಡು ಗೆರೆಯನ್ನು ಕೂದಲೆಳೆಯಷ್ಟು ತಾಕಿದರೂ ಒಳಗೆ ಬಿದ್ದ ಲೆಕ್ಕ. ತಾಕದಿದ್ದರೆ ಹೊರಗೆ. ಆದರೆ 1950ರ ದಶಕದಲ್ಲಿ ಅಮೆರಿಕದ ವರ್ಜೀನಿಯಾ ರಾಜ್ಯದ ಲಿಂಚ್‌ಬರ್ಗ್ ಊರಿನ ಒಂದು ಮನೆಯ ಅಂಗಳದಲ್ಲಿ ಕೆಲವು ಮಕ್ಕಳಿಗೆ ಬೇರೊಂದು ಲೆಕ್ಕ ಹೇಳಿಕೊಡಲಾಗುತ್ತಿತ್ತು. ಎದುರಾಳಿ ಹೊಡೆದ ಚೆಂಡು ಗೆರೆಯಿಂದ ಎರಡು ಇಂಚು ಆಚೆ ಬಿದ್ದರೂ ಅದು ಒಳಗೇ ಬಿತ್ತೆಂದು ತಿಳಿದು ಆಡಬೇಕು. ತೀರ್ಪು ತಪ್ಪೆಂದು ಕಂಡರೂ ವಾದಿಸಬಾರದು. ರ‍್ಯಾಕೆಟ್ ಎಸೆಯಬಾರದು. ಮುಖದ ಮೇಲೆ ಸಿಟ್ಟು ಕಾಣಿಸಬಾರದು.

ಈ ಎರಡು ಇಂಚಿನ ಮರ್ಮ ತಿಳಿಯಬೇಕಾದರೆ ಕಿರಿಯರ ಟೂರ್ನಿಗಳು ನಡೆಯುವ ರೀತಿ ತಿಳಿದಿರಬೇಕು. ಅಲ್ಲಿ ಪ್ರತಿ ಗೆರೆಗೂ ಒಬ್ಬ ಅಧಿಕಾರಿಯನ್ನು ನಿಲ್ಲಿಸುವುದಿಲ್ಲ. ನಿಮ್ಮ ಕಡೆ ಬಿದ್ದ ಚೆಂಡು ಒಳಗೋ ಹೊರಗೋ ಎಂಬುದನ್ನು ನೀವೇ ಹೇಳಬೇಕು, ಎದುರಾಳಿ ನಿಮ್ಮ ಮಾತನ್ನು ನಂಬಬೇಕು. ಇಡೀ ಏರ್ಪಾಟು ನಿಂತಿರುವುದು ಈ ನಂಬಿಕೆಯ ಮೇಲೆ. ಬಿಳಿಯರ ಕ್ಲಬ್ಬಿನಲ್ಲಿ, ಬಿಳಿಯ ತಂದೆತಾಯಿಗಳು ನೋಡುತ್ತಿರುವಾಗ, ಗೆರೆಯ ಪಕ್ಕದಲ್ಲೇ ಬಿದ್ದ ಚೆಂಡನ್ನು ಕಪ್ಪು ಹುಡುಗನೊಬ್ಬ 'ಹೊರಗೆ' ಎಂದರೆ ಏನಾಗುತ್ತದೆ? ಅವನು ಮೋಸಗಾರ ಎಂದು ಒಬ್ಬರು ಹೇಳಿದರೂ ಸಾಕು, ಮುಂದಿನ ವರ್ಷ ಅವನಿಗಷ್ಟೇ ಅಲ್ಲ, ಅವನ ಹಿಂದೆ ಬರುವವರಿಗೂ ಬಾಗಿಲು ಮುಚ್ಚುತ್ತದೆ. ಆದ್ದರಿಂದ ಯಾರೂ ಬೆರಳು ತೋರದ ಹಾಗೆ ಎರಡು ಇಂಚು ಬಿಟ್ಟುಕೊಟ್ಟೇ ಆಡಬೇಕು, ಬಿಟ್ಟುಕೊಟ್ಟೇ ಗೆಲ್ಲಬೇಕು.

ನನ್ನ ಸಂಶೋಧನೆಯ ವಿಷಯ ಟೆನಿಸ್ ಅಲ್ಲ. ಆತ್ಮಕಥೆಗಳಲ್ಲಿ ಸಿಟ್ಟು ಹೇಗೆ ಬರೆಸಿಕೊಳ್ಳುತ್ತದೆ, ಹೇಗೆ ಬರೆಸಿಕೊಳ್ಳದೆ ಉಳಿಯುತ್ತದೆ ಎಂಬುದನ್ನು ನೋಡುತ್ತ ಆರ್ಥರ್ ಆ್ಯಶ್ ಅವರ 'ಡೇಸ್ ಆಫ್ ಗ್ರೇಸ್' ಪುಸ್ತಕಕ್ಕೆ ಬಂದೆ. ಅಲ್ಲಿಂದ ಹಿಂದಕ್ಕೆ ಹೋದರೆ ಸಿಕ್ಕಿದ್ದು ಈ ಅಂಗಳ ಮತ್ತು ಅದರ ಯಜಮಾನ ಡಾಕ್ಟರ್ ರಾಬರ್ಟ್ ವಾಲ್ಟರ್ ಜಾನ್ಸನ್. ಆಟದ ಚರಿತ್ರೆಯೆಂದರೆ ಸಾಮಾನ್ಯವಾಗಿ ಗೆದ್ದವರ ಪಟ್ಟಿ. ಕೋಚ್‌ಗಳ ಚರಿತ್ರೆ ಅದರ ಅಡಿಟಿಪ್ಪಣಿಯಲ್ಲಿರುತ್ತದೆ. ಜಾನ್ಸನ್ ಅವರ ವಿಷಯದಲ್ಲಿ ಆ ಅಡಿಟಿಪ್ಪಣಿಯನ್ನೇ ಮುಖ್ಯ ಪಠ್ಯವಾಗಿ ಓದಬೇಕೆಂದು ನನಗನ್ನಿಸಿದೆ.

ಜಾನ್ಸನ್ ಹುಟ್ಟಿದ್ದು 1899ರಲ್ಲಿ. ಕಾಲೇಜಿನಲ್ಲಿ ಫುಟ್‌ಬಾಲ್ ಆಡುವಾಗ 'ವರ್ಲ್‌ವಿಂಡ್', ಅಂದರೆ ಸುಂಟರಗಾಳಿ, ಎಂಬ ಅಡ್ಡಹೆಸರು ಬಂತು. ಆಮೇಲೆ ವೈದ್ಯರಾಗಿ ಲಿಂಚ್‌ಬರ್ಗ್‌ನಲ್ಲಿ ನೆಲೆಸಿದರು. ಅಲ್ಲಿನ ದೊಡ್ಡಾಸ್ಪತ್ರೆಯಲ್ಲಿ ರೋಗಿಗಳನ್ನು ನೋಡುವ ಹಕ್ಕು ಪಡೆದ ಮೊದಲ ಕಪ್ಪು ವೈದ್ಯರು ಅವರೇ. ಪಿಯರ್ಸ್ ಸ್ಟ್ರೀಟಿನ ಅವರ ಮನೆಯ ಪಕ್ಕದಲ್ಲಿ ಸ್ವಂತ ಟೆನಿಸ್ ಕೋರ್ಟ್ ಇತ್ತು, ಸುತ್ತ ಗುಲಾಬಿ ತೋಟವಿತ್ತು, ಬೇಟೆನಾಯಿಗಳ ಗೂಡುಗಳಿದ್ದವು. ಬೇಸಿಗೆ ರಜೆಯಲ್ಲಿ ಬೇರೆಬೇರೆ ಊರುಗಳ ಕಪ್ಪು ಮಕ್ಕಳು ಬಂದು ಆ ಮನೆಯಲ್ಲೇ ಉಳಿಯುತ್ತಿದ್ದರು. ಊಟ, ವಸತಿ, ಚೆಂಡು, ಟೂರ್ನಿಗಳಿಗೆ ಕಾರಿನ ಪಯಣ ಎಲ್ಲದಕ್ಕೂ ಬಹುಪಾಲು ಡಾಕ್ಟರ ಜೇಬೇ ಆಧಾರ. ಬದಲಿಗೆ ಮಕ್ಕಳು ತೋಟದ ಕಳೆ ಕೀಳಬೇಕು, ಬೇಲಿ ಕತ್ತರಿಸಬೇಕು, ನಾಯಿಗೂಡು ತೊಳೆಯಬೇಕು. ಚೆಂಡಿನ ಮೇಲೆ ಕಣ್ಣು ನಿಲ್ಲಲೆಂದು ರ‍್ಯಾಕೆಟ್ ಬದಲು ಪೊರಕೆಯ ಹಿಡಿ ಕೊಟ್ಟು ಹೊಡೆಸುತ್ತಿದ್ದರು. ಊಟದ ಮೇಜಿನಲ್ಲಿ ಕೂರುವುದು, ಚಮಚ ಹಿಡಿಯುವುದು, ಹಿರಿಯರೊಡನೆ ಮಾತಾಡುವುದು ಇವೂ ಪಾಠದ ಭಾಗ. ನಮ್ಮಲ್ಲಿ ಗುರುವಿನ ಮನೆಯಲ್ಲಿದ್ದು ಸಂಗೀತ ಕಲಿತವರ ಕಥೆ ಕೇಳಿದವರಿಗೆ ಇದೇನೂ ಹೊಸದಲ್ಲ. ವ್ಯತ್ಯಾಸವೆಂದರೆ, ಈ ಗುರುಕುಲದ ವಿದ್ಯೆ ಪ್ರದರ್ಶನಗೊಳ್ಳಬೇಕಾಗಿದ್ದುದು ತಮ್ಮನ್ನು ಒಳಗೆ ಬಿಡಲು ಇಷ್ಟವಿಲ್ಲದವರ ಮನೆಯಲ್ಲಿ.

ಆಗ ಅಮೆರಿಕದ ಟೆನಿಸ್ ಎರಡು ಪಾಲಾಗಿತ್ತು. ಬಿಳಿಯರ ಸಂಸ್ಥೆ ಕಪ್ಪು ಆಟಗಾರರನ್ನು ಸೇರಿಸುತ್ತಿರಲಿಲ್ಲವಾದ್ದರಿಂದ ಅವರು 1916ರಲ್ಲೇ ಅಮೆರಿಕನ್ ಟೆನಿಸ್ ಅಸೋಸಿಯೇಷನ್ ಎಂಬ ತಮ್ಮದೇ ಸಂಸ್ಥೆ ಕಟ್ಟಿಕೊಂಡಿದ್ದರು. 1946ರಲ್ಲಿ ಅದರ ರಾಷ್ಟ್ರೀಯ ಚಾಂಪಿಯನ್‌ಷಿಪ್‌ನ ಫೈನಲ್‌ನಲ್ಲಿ ಸೋತ ಹಾರ್ಲೆಮ್‌ನ ಹುಡುಗಿಯೊಬ್ಬಳು ಜಾನ್ಸನ್ ಮತ್ತು ಅವರ ವೈದ್ಯಮಿತ್ರ ಹ್ಯೂಬರ್ಟ್ ಈಟನ್ ಅವರ ಕಣ್ಣಿಗೆ ಬಿದ್ದಳು. ಶಾಲೆಯ ತಿಂಗಳುಗಳಲ್ಲಿ ಈಟನ್ ಮನೆ, ಬೇಸಿಗೆಯಲ್ಲಿ ಜಾನ್ಸನ್ ಮನೆ ಎಂದು ಇಬ್ಬರೂ ಅವಳನ್ನು ಹಂಚಿಕೊಂಡು ಬೆಳೆಸಿದರು. ಅವಳೇ ಆಲ್ಥಿಯಾ ಗಿಬ್ಸನ್. 1950ರಲ್ಲಿ, ಮಾಜಿ ಚಾಂಪಿಯನ್ ಆಲಿಸ್ ಮಾರ್ಬಲ್ ಟೆನಿಸ್ ಪತ್ರಿಕೆಯೊಂದರಲ್ಲಿ ಬಿಳಿಯರ ಆಷಾಢಭೂತಿತನವನ್ನು ತರಾಟೆಗೆ ತೆಗೆದುಕೊಂಡ ಮೇಲೆ, ಗಿಬ್ಸನ್‌ಗೆ ಫಾರೆಸ್ಟ್ ಹಿಲ್ಸ್‌ನ ರಾಷ್ಟ್ರೀಯ ಟೂರ್ನಿಯ ಬಾಗಿಲು ತೆರೆಯಿತು. 1956ರಲ್ಲಿ ಫ್ರೆಂಚ್, 1957 ಮತ್ತು 1958ರಲ್ಲಿ ವಿಂಬಲ್ಡನ್ ಹಾಗೂ ಅಮೆರಿಕದ ಪ್ರಶಸ್ತಿಗಳು ಆಕೆಯ ಪಾಲಾದವು.

ಗಿಬ್ಸನ್ ಮಾತ್ರ ಡಾಕ್ಟರ ಎರಕದಲ್ಲಿ ಪೂರ್ತಿ ಇಳಿದವರಲ್ಲ. ಬೀದಿಯಲ್ಲಿ ಬೆಳೆದ ಆಕೆಗೆ ಬಿಟ್ಟುಕೊಡುವುದು ಒಗ್ಗುತ್ತಿರಲಿಲ್ಲ. ತನ್ನ ಜನಾಂಗದ ಪ್ರತಿನಿಧಿಯಾಗಲು ತಾನು ಬಂದಿಲ್ಲ, ಆಡಲು ಬಂದಿದ್ದೇನೆ ಎಂಬ ಆಕೆಯ ನಿಲುವು ಕಪ್ಪು ಪತ್ರಿಕೆಗಳಿಗೂ ಹಿಡಿಸಲಿಲ್ಲ. ಅಹಂಕಾರಿ ಎಂದು ಬರೆದರು. ಹವ್ಯಾಸಿ ಟೆನಿಸ್‌ನಲ್ಲಿ ಬಹುಮಾನದ ಹಣವಿಲ್ಲ. ವಿಂಬಲ್ಡನ್ ಗೆದ್ದ ಮೇಲೂ ಆಕೆಯ ಕೈ ಖಾಲಿ. ಕೊನೆಗಾಲದಲ್ಲಿ ಬಡತನದಲ್ಲಿ ಮನೆಯೊಳಗೇ ಉಳಿದಿದ್ದ ಆಕೆಯ ನೆರವಿಗೆ ಬಂದವರು, 1950ರ ದಶಕದ ಮಧ್ಯದ ಏಷ್ಯಾ ಪ್ರವಾಸದಲ್ಲಿ ಇದೇ ಭಾರತದಲ್ಲಿ ಗೆಳತಿಯಾಗಿ ಸಿಕ್ಕಿದ್ದ ಇಂಗ್ಲೆಂಡಿನ ಯಹೂದಿ ಆಟಗಾರ್ತಿ ಆ್ಯಂಜೆಲಾ ಬಕ್ಸ್‌ಟನ್. ಅದೇ ಒಂದು ಪ್ರಬಂಧಕ್ಕಾಗುವಷ್ಟಿದೆ. ಇಲ್ಲಿ ಇಷ್ಟೇ ಹೇಳಿ ಮುಂದೆ ಹೋಗುತ್ತೇನೆ.

ಜಾನ್ಸನ್ ಅವರ ಕಲ್ಪನೆಯಂತೆಯೇ ರೂಪುಗೊಂಡ ಶಿಷ್ಯ ಆರ್ಥರ್ ಆ್ಯಶ್. 1943ರಲ್ಲಿ ರಿಚ್ಮಂಡ್‌ನಲ್ಲಿ ಹುಟ್ಟಿದ ಈ ಹುಡುಗನ ತಂದೆ ಕಪ್ಪು ಜನರಿಗೆ ಮೀಸಲಾಗಿದ್ದ ಬ್ರೂಕ್ ಫೀಲ್ಡ್ ಪಾರ್ಕಿನ ಮೇಲ್ವಿಚಾರಕ. ಮನೆ ಪಾರ್ಕಿನೊಳಗೇ ಇತ್ತು, ಮನೆ ಪಕ್ಕದಲ್ಲೇ ಟೆನಿಸ್ ಕೋರ್ಟು. ಆರು ವರ್ಷದವನಿದ್ದಾಗ ತಾಯಿ ತೀರಿಕೊಂಡರು. ಪಾರ್ಕಿನಲ್ಲಿ ಆಟ ಹೇಳಿಕೊಡುತ್ತಿದ್ದ ರಾನ್ ಚಾರಿಟಿ, ಹತ್ತು ವರ್ಷದ ಹುಡುಗನನ್ನು ಡಾಕ್ಟರ ಹತ್ತಿರ ಕಳಿಸಿದರು. ಮೊದಲ ಬೇಸಿಗೆಯಲ್ಲೇ ಹುಡುಗ ತಕರಾರು ತೆಗೆದ. ರ‍್ಯಾಕೆಟ್ ಹಿಡಿಯುವುದನ್ನು ಚಾರಿಟಿ ಬೇರೆ ಥರ ಹೇಳಿಕೊಟ್ಟಿದ್ದಾರೆ, ನಾನು ಹಾಗೇ ಆಡುತ್ತೇನೆ ಎಂದ. ಜಾನ್ಸನ್ ತಂದೆಗೆ ಫೋನ್ ಮಾಡಿದರು. ತಂದೆ ಕಾರು ಓಡಿಸಿಕೊಂಡು ಲಿಂಚ್‌ಬರ್ಗ್‌ಗೆ ಬಂದು, ಇಲ್ಲಿ ಡಾಕ್ಟರ್ ಹೇಳಿದ್ದನ್ನು ಕೇಳುವುದಾದರೆ ಇರು, ಇಲ್ಲವಾದರೆ ಮನೆಗೆ ನಡೆ ಎಂಬ ಅರ್ಥ ಬರುವಂತೆ ಹೇಳಿದರು. ಹುಡುಗ ಉಳಿದ. ಆಮೇಲೆ ತಕರಾರಿರಲಿಲ್ಲ.

ಬಿಳಿಯರ ಶಾಲಾ ಟೂರ್ನಿಯೊಂದು ವರ್ಜೀನಿಯಾದ ಶಾರ್ಲಟ್ಸ್‌ವಿಲ್‌ನಲ್ಲಿ ನಡೆಯುತ್ತಿತ್ತು. 1950ರ ದಶಕದ ಆರಂಭದಲ್ಲಿ ಜಾನ್ಸನ್ ಕಾಡಿಬೇಡಿ ಅದಕ್ಕೆ ಇಬ್ಬರು ಕಪ್ಪು ಹುಡುಗರನ್ನು ಸೇರಿಸಿದಾಗ ಇಬ್ಬರೂ ಹೀನಾಯವಾಗಿ ಸೋತು ಬಂದಿದ್ದರು. ಮಕ್ಕಳನ್ನು ಮನೆಯಲ್ಲಿಟ್ಟುಕೊಂಡು ಬೆಳೆಸುವ ಕೆಲಸಕ್ಕೆ ಆ ಸೋಲೇ ಕಿಚ್ಚು ಹಚ್ಚಿತು. 1961ರಲ್ಲಿ ಅದೇ ಪ್ರಶಸ್ತಿಯನ್ನು ಆ್ಯಶ್ ಗೆದ್ದ. ಅಷ್ಟು ಹೊತ್ತಿಗೆ ಅವನು ತವರೂರು ಬಿಟ್ಟಾಗಿತ್ತು. ರಿಚ್ಮಂಡ್‌ನ ಒಳಾಂಗಣ ಕೋರ್ಟುಗಳಲ್ಲಿ ಕಪ್ಪು ಹುಡುಗನಿಗೆ ಪ್ರವೇಶವಿಲ್ಲದ್ದರಿಂದ ಚಳಿಗಾಲದಲ್ಲೂ ಆಡುವ ಸಲುವಾಗಿ ಶಾಲೆಯ ಕೊನೆಯ ವರ್ಷವನ್ನು ಸೇಂಟ್ ಲೂಯಿಯಲ್ಲಿ ಕಳೆಯಬೇಕಾಯಿತು.

ಎರಡು ಇಂಚಿನ ನಿಯಮ ಫಲ ಕೊಟ್ಟಿತೇ? ಖಂಡಿತ ಕೊಟ್ಟಿತು. 1963ರಲ್ಲಿ ಡೇವಿಸ್ ಕಪ್ ತಂಡಕ್ಕೆ ಆಯ್ಕೆಯಾದ ಮೊದಲ ಕಪ್ಪು ಅಮೆರಿಕನ್. 1968ರಲ್ಲಿ, ಸೇನೆಯ ಲೆಫ್ಟಿನೆಂಟ್ ಆಗಿದ್ದಾಗ, ವೃತ್ತಿಪರರಿಗೂ ತೆರೆದ ಮೊದಲ ಯುಎಸ್ ಓಪನ್ ಗೆಲುವು. ಹವ್ಯಾಸಿಯಾದ ಕಾರಣ 14,000 ಡಾಲರ್ ಬಹುಮಾನ ಮುಟ್ಟುವಂತಿರಲಿಲ್ಲ. ಅದು ಫೈನಲ್‌ನಲ್ಲಿ ಸೋತ ಟಾಮ್ ಒಕ್ಕರ್ ಪಾಲಾಯಿತು, ಗೆದ್ದವನಿಗೆ ದಿನಕ್ಕೆ 20 ಡಾಲರಿನ ಭತ್ಯೆ. ಮುಂದಿನ ತಿಂಗಳೇ ಮೆಕ್ಸಿಕೊ ಒಲಿಂಪಿಕ್ಸ್‌ನ ಪದಕ ವೇದಿಕೆಯ ಮೇಲೆ ಟಾಮಿ ಸ್ಮಿತ್ ಮತ್ತು ಜಾನ್ ಕಾರ್ಲೋಸ್ ಮುಷ್ಟಿ ಎತ್ತಿದರು. ಆ ಮುಷ್ಟಿಯ ಪಕ್ಕದಲ್ಲಿ ಆ್ಯಶ್ ಅವರ ಸೌಜನ್ಯ ಅನೇಕರಿಗೆ ಹೇಡಿತನದಂತೆ ಕಂಡಿತು. ಬಿಳಿಯರಿಗೆ ಒಪ್ಪುವ ಕರಿಯ ಎಂಬ ಮಾತು ಬಂತು.

ಇಲ್ಲಿ ನನಗೆ ಕುತೂಹಲ ಹುಟ್ಟಿಸಿದ್ದು ಅವರ ಆಟದ ಶೈಲಿ. ಹಳೆಯ ಚಿತ್ರಣಗಳನ್ನು ನೋಡಿದರೆ ಮುಖದಲ್ಲಿ ಏನೂ ಕಾಣುವುದಿಲ್ಲ, ಕೈಯಲ್ಲಿ ಮಾತ್ರ ವಿಪರೀತ ಸಾಹಸ. ಸುರಕ್ಷಿತ ಹೊಡೆತ ಸಾಕಾಗುವ ಕಡೆಯಲ್ಲೂ ಗೆರೆಯಂಚಿಗೆ ಬೀಸುವುದು, ಒಂದೇ ಬ್ಯಾಕ್‌ಹ್ಯಾಂಡನ್ನು ಹತ್ತು ಬಗೆಯಲ್ಲಿ ಆಡುವುದು. ಮುಖಕ್ಕೆ ಇಲ್ಲದ ಸ್ವಾತಂತ್ರ್ಯವನ್ನು ರ‍್ಯಾಕೆಟ್ ತೆಗೆದುಕೊಂಡಿತ್ತೇ ಎಂದು ಊಹಿಸುವುದು ಸಾಹಿತ್ಯದ ವಿದ್ಯಾರ್ಥಿಯ ದುರಭ್ಯಾಸವಿರಬಹುದು. ಆದರೂ 1975ರ ಜುಲೈ 5ರ ವಿಂಬಲ್ಡನ್ ಫೈನಲ್ ನೋಡುವಾಗ ಈ ಊಹೆ ನನ್ನನ್ನು ಬಿಡುವುದಿಲ್ಲ.

ಎದುರಿಗಿದ್ದವರು 22 ವರ್ಷದ ಜಿಮ್ಮಿ ಕಾನರ್ಸ್, ಆಗಿನ ವಿಶ್ವದ ಒಂದನೇ ಆಟಗಾರ. ಡೇವಿಸ್ ಕಪ್‌ನಿಂದ ದೂರ ಉಳಿದದ್ದನ್ನು ಟೀಕಿಸಿದರೆಂದು ಕಾನರ್ಸ್ ಆ್ಯಶ್ ಮೇಲೆ ಮಾನನಷ್ಟ ಮೊಕದ್ದಮೆ ಹೂಡಿದ್ದರು. ಆ್ಯಶ್ ಎದೆಯ ಮೇಲೆ ದೇಶದ ಹೆಸರಿದ್ದ ಡೇವಿಸ್ ಕಪ್ ಜಾಕೆಟ್ ತೊಟ್ಟು ಕೋರ್ಟಿಗಿಳಿದರು. ಬಾಯಲ್ಲಿ ಒಂದು ಮಾತಿಲ್ಲ; ಹೇಳಬೇಕಾದ್ದನ್ನು ಜಾಕೆಟ್ ಹೇಳುತ್ತಿತ್ತು. ವೇಗದ ಚೆಂಡನ್ನು ಇನ್ನಷ್ಟು ವೇಗವಾಗಿ ಹಿಂದಿರುಗಿಸುವುದೇ ಕಾನರ್ಸ್ ಶಕ್ತಿ. ಹಿಂದಿನ ರಾತ್ರಿ ಗೆಳೆಯರೊಡನೆ ಕೂತು ಹಾಕಿದ ಯೋಜನೆಯಂತೆ ಆ್ಯಶ್ ಆ ವೇಗವನ್ನೇ ಕೊಡಲಿಲ್ಲ. ಮೆತ್ತಗಿನ, ತಗ್ಗಿನ ಚೆಂಡುಗಳನ್ನು ಕಾನರ್ಸ್‌ರ ಫೋರ್‌ಹ್ಯಾಂಡ್‌ಗೆ ಹಾಕಿದರು, ಸರ್ವ್‌ಗಳನ್ನು ಅಗಲಕ್ಕೆ ಎಳೆದರು, ಮುಂದೆ ಬಂದಾಗ ತಲೆಯ ಮೇಲಿಂದ ಎತ್ತಿ ಹಾಕಿದರು. ಅಂದರೆ ತಮ್ಮ ಸಹಜವಾದ ಸಾಹಸದ ಆಟವನ್ನೂ ಅಂದು ಅದುಮಿಟ್ಟರು. ಬದಿ ಬದಲಿಸುವ ಬಿಡುವಿನಲ್ಲಿ ಕುರ್ಚಿಯ ಮೇಲೆ ಕಣ್ಣು ಮುಚ್ಚಿ ಕೂತರು. 6-1, 6-1, 5-7, 6-4. ಪುರುಷರ ವಿಂಬಲ್ಡನ್ ಪ್ರಶಸ್ತಿ ಕಪ್ಪು ಆಟಗಾರನೊಬ್ಬನಿಗೆ ಮೊದಲ ಬಾರಿಗೆ ಸಿಕ್ಕಿತು. ಕಳೆ ಕಿತ್ತು ಕಲಿತ ಸಂಯಮ ಅಂದು ನೀತಿಪಾಠವಾಗಿ ಉಳಿಯದೆ ತಂತ್ರವಾಗಿ ಕೆಲಸ ಮಾಡಿತ್ತು. ನೋಡಲು ಜಾನ್ಸನ್ ಇರಲಿಲ್ಲ, 1971ರಲ್ಲಿ ತೀರಿಕೊಂಡಿದ್ದರು.

ಇದೇ ಸಂಯಮವನ್ನು ಆ್ಯಶ್ ದಕ್ಷಿಣ ಆಫ್ರಿಕಾಕ್ಕೂ ಕೊಂಡೊಯ್ದಿದ್ದರು. ವರ್ಣಭೇದ ಸರ್ಕಾರ ಮೊದಲು ವೀಸಾ ನಿರಾಕರಿಸಿತು. 1973ರಲ್ಲಿ ಕೊಟ್ಟಾಗ ಅವರು ಷರತ್ತು ಹಾಕಿದರು: ಪ್ರೇಕ್ಷಕರನ್ನು ಬಣ್ಣ ನೋಡಿ ಬೇರೆಬೇರೆ ಕೂರಿಸಬಾರದು, ತಮ್ಮನ್ನು 'ಗೌರವ ಬಿಳಿಯ'ನೆಂದು ಪರಿಗಣಿಸಬಾರದು, ಎಲ್ಲಿ ಬೇಕಾದರೂ ಹೋಗಿ ಏನು ಬೇಕಾದರೂ ಮಾತಾಡಲು ಬಿಡಬೇಕು. ಜೊಹಾನ್ಸ್‌ಬರ್ಗ್‌ನಲ್ಲಿ ಸಿಂಗಲ್ಸ್ ಫೈನಲ್ ಸೋತು ಡಬಲ್ಸ್ ಗೆದ್ದರು. ಅವರ ಆಟವನ್ನು ನೋಡಲು ಬಂದ ಮಕ್ಕಳಲ್ಲಿ ಮುಂದೆ 'ಕಾಫಿರ್ ಬಾಯ್' ಬರೆದ ಮಾರ್ಕ್ ಮಾತಬಾನೆಯೂ ಒಬ್ಬ. ಆದರೆ ಅಲ್ಲಿನ ಕಪ್ಪು ಹೋರಾಟಗಾರರು, ನೀವು ಬಂದದ್ದರಿಂದ ಸರ್ಕಾರಕ್ಕೆ ಮರ್ಯಾದೆ ಸಿಕ್ಕಿತೇ ಹೊರತು ನಮಗಲ್ಲ ಎಂದು ಮುಖಕ್ಕೇ ಹೇಳಿದರು.

ಮರುವರ್ಷ ಅದೇ ಪ್ರಶ್ನೆ ನಮ್ಮ ದೇಶದ ಮುಂದೆ ಬಂತು. 1974ರಲ್ಲಿ ಭಾರತ ಕಲ್ಕತ್ತಾದಲ್ಲಿ ಆಸ್ಟ್ರೇಲಿಯವನ್ನು, ಪುಣೆಯಲ್ಲಿ ಸೋವಿಯತ್ ಒಕ್ಕೂಟವನ್ನು ಸೋಲಿಸಿ ಡೇವಿಸ್ ಕಪ್ ಫೈನಲ್ ತಲುಪಿತು. ಎದುರಾಳಿ ದಕ್ಷಿಣ ಆಫ್ರಿಕಾ. ವಿಜಯ್ ಮತ್ತು ಆನಂದ್ ಅಮೃತರಾಜ್ ಒಳ್ಳೆಯ ಲಯದಲ್ಲಿದ್ದರು. ಕಪ್ ಕೈಗೆಟುಕುವ ದೂರದಲ್ಲಿತ್ತು. ಭಾರತ ಆಡಲಿಲ್ಲ. ಆಡದೆಯೇ ಕಪ್ ದಕ್ಷಿಣ ಆಫ್ರಿಕಾಕ್ಕೆ ಹೋಯಿತು. ಭಾರತ 1966ರಲ್ಲಿ, ಆಮೇಲೆ 1987ರಲ್ಲಿ ಫೈನಲ್ ಆಡಿ ಸೋತಿದೆ, ಕಪ್ಪನ್ನು ಇಂದಿಗೂ ಗೆದ್ದಿಲ್ಲ. ನಿರ್ಧಾರ ಆಟಗಾರರದ್ದಲ್ಲ, ಬೆಲೆ ತೆತ್ತದ್ದು ಮಾತ್ರ ಅವರು. ಆದರೂ ನನ್ನ ಮಟ್ಟಿಗೆ ಅದು ಸರಿಯಾದ ನಿರ್ಧಾರ. ಆ್ಯಶ್ ಕೂಡ ನಿಧಾನವಾಗಿ ಬಹಿಷ್ಕಾರದ ಪಕ್ಷಕ್ಕೇ ಬಂದರು. 1985ರಲ್ಲಿ ವಾಷಿಂಗ್ಟನ್ನಿನ ದಕ್ಷಿಣ ಆಫ್ರಿಕಾ ರಾಯಭಾರ ಕಚೇರಿಯ ಮುಂದೆ ಪ್ರತಿಭಟಿಸಿ ಬಂಧನಕ್ಕೊಳಗಾದರು. ದೂರದ ವರ್ಣಭೇದಕ್ಕಾಗಿ ಕಪ್ ಬಿಟ್ಟುಕೊಟ್ಟ ದೇಶ ತನ್ನ ಊರುಕೇರಿಗಳ ನಡುವಿನ ಗೆರೆಯ ವಿಷಯದಲ್ಲಿ ಎಷ್ಟು ಬಿಟ್ಟುಕೊಟ್ಟಿತು ಎಂದು ಕೇಳಿದರೆ ಮಾತು ಬೇರೆ ಕಡೆಗೆ ಹೊರಳುತ್ತದೆ. ವಿಶ್ವವಿದ್ಯಾಲಯದ ಹಾಸ್ಟೆಲ್ಲಿಗೆ ನನ್ನನ್ನು ಬಿಟ್ಟು ಹೊರಡುವಾಗ ಅಪ್ಪ ಬಸ್ಸಿನ ಕಿಟಕಿಯಿಂದ ಹೇಳಿದ್ದು ಒಂದೇ ಮಾತು: 'ಯಾರಿಗೂ ಎದುರು ಮಾತಾಡಬ್ಯಾಡ, ನಮ್ಮ ಕಡೆಯಿಂದ ತಪ್ಪಾಗಬಾರದು ನೋಡು.' ಲಿಂಚ್‌ಬರ್ಗ್‌ನ ನಿಯಮವನ್ನು ಓದಿದಾಗ ಅದು ಹೊಸದೆನಿಸಲಿಲ್ಲ.

ಆ್ಯಶ್ ಒಂದು ಸಲ ಮಾತ್ರ ಕೋರ್ಟಿನಿಂದ ಎದ್ದು ಹೋದರು. 1975ರ ಕೊನೆಯಲ್ಲಿ ಸ್ಟಾಕ್‌ಹೋಮ್‌ನ ಮಾಸ್ಟರ್ಸ್ ಟೂರ್ನಿ. ರುಮೇನಿಯದ ಇಲಿ ನಾಸ್ಟಾಸೆ ಸರ್ವ್ ಮಾಡದೆ ಕಾಲ ತಳ್ಳುತ್ತ, 'ಸಿದ್ಧವೇ ಮಿಸ್ಟರ್ ಆ್ಯಶ್?' ಎಂದು ಮತ್ತೆಮತ್ತೆ ಕೇಳುತ್ತ ಕೆಣಕಿದರು. ಮೂರನೆಯ ಸೆಟ್‌ನಲ್ಲಿ 4-1 ಮುಂದಿದ್ದ ಆ್ಯಶ್ ಸಾಕೆಂದು ಹೊರನಡೆದರು. ಅದೇ ಹೊತ್ತಿಗೆ ರೆಫ್ರಿ ನಾಸ್ಟಾಸೆಯನ್ನು ಅನರ್ಹಗೊಳಿಸುವ ನಿರ್ಧಾರಕ್ಕೆ ಬಂದಿದ್ದರಂತೆ. ಇಬ್ಬರೂ ಅನರ್ಹ ಎಂಬ ವಿಚಿತ್ರ ಸ್ಥಿತಿ ಉಂಟಾಗಿ, ಕೊನೆಗೆ ಗೆಲುವು ಆ್ಯಶ್‌ಗೆ ಸಂದಿತು. ನಾಸ್ಟಾಸೆ ಗುಲಾಬಿ ಹೂಗಳನ್ನು ಹಿಡಿದುಕೊಂಡು ಬಂದು ಕ್ಷಮೆ ಕೇಳಿದರು, ಆಮೇಲೆ ಟೂರ್ನಿಯನ್ನೂ ಗೆದ್ದರು! ತಮಾಷೆಯ ಪ್ರಸಂಗವೆಂಬಂತೆ ಇದನ್ನು ಹೇಳುವುದುಂಟು. ನನಗೆ ಹಾಗನ್ನಿಸುವುದಿಲ್ಲ. ನಾಸ್ಟಾಸೆಯ ಕೆಟ್ಟ ನಡತೆಗೆ ವಿದೂಷಕತನದ ರಿಯಾಯಿತಿ ಇತ್ತು. ಆ್ಯಶ್‌ಗೆ ಅಂಥ ರಿಯಾಯಿತಿಯ ಖಾತೆಯೇ ಇರಲಿಲ್ಲ.

ಹೃದಯದ ಕಾಯಿಲೆಯಿಂದ ಆಟ ಬಿಟ್ಟ ಆ್ಯಶ್ 1981ರಲ್ಲಿ ಡೇವಿಸ್ ಕಪ್ ತಂಡದ ನಾಯಕರಾದರು. ಈ ಹುದ್ದೆ ಅರ್ಧ ಕೋಚಿನದು. ಆಡುವಾಗ ಕೋರ್ಟಿನ ಬದಿಯಲ್ಲೇ ಕೂತು ಸಲಹೆ ಕೊಡಬಹುದು. ಈಗ ಲಿಂಚ್‌ಬರ್ಗ್‌ನ ಪಾಠ ದಾಟಿಸುವ ಸರದಿ ಅವರದು. ಸಿಕ್ಕ ಶಿಷ್ಯ ಮಾತ್ರ ಜಾನ್ ಮೆಕೆನ್ರೊ! ಅಂಪೈರ್‌ಗಳ ಮೇಲೆ ಕಿರುಚುವ, ರ‍್ಯಾಕೆಟ್ ಒಡೆಯುವ, ಆದರೆ ದೇಶ ಕರೆದಾಗಲೆಲ್ಲ ಇಲ್ಲವೆನ್ನದೆ ಬಂದು ಆಡುವ ಪ್ರತಿಭಾವಂತ. ಅದೇ ವರ್ಷ ಸಿನ್ಸಿನಾಟಿಯಲ್ಲಿ ಅರ್ಜೆಂಟೀನಾ ವಿರುದ್ಧ ಫೈನಲ್. ಡಬಲ್ಸ್ ಪಂದ್ಯ ಐದನೆಯ ಸೆಟ್‌ನಲ್ಲಿ 11-9ರವರೆಗೆ ಎಳೆಯಿತು. ಮೆಕೆನ್ರೊ ವರ್ತನೆ ಹದ್ದು ಮೀರಿದಾಗ ನಾಯಕ ಎದ್ದು ಹೋಗಿ ಎಚ್ಚರಿಸಬೇಕಾಯಿತು. ಅಂದು ತನಗೆ ಬಂದ ಸಿಟ್ಟು ಅವನಿಗೆ ಹೊಡೆಯಬೇಕೆನ್ನುವಷ್ಟಿತ್ತೆಂದು ಆ್ಯಶ್ ಬರೆದುಕೊಂಡಿದ್ದಾರೆ. ಕಪ್ ಗೆದ್ದರು, ಮರುವರ್ಷ ಮತ್ತೆ ಗೆದ್ದರು. 1984ರಲ್ಲಿ ಸ್ವೀಡನ್‌ನಲ್ಲಿ ಸೋತಾಗ ಸೋಲಿಗಿಂತ ತಂಡದ ನಡತೆಯೇ ಹೆಚ್ಚು ಸುದ್ದಿಯಾಯಿತು. ಆಟಗಾರರನ್ನು ಹತೋಟಿಯಲ್ಲಿಡಲು ಬಾರದ ಮೆದು ನಾಯಕ ಎಂಬ ದೂರು ಆ್ಯಶ್ ಮೇಲೆ ಬಿತ್ತು.

ನಾನು ಮೇಲೆ ಹೇಳಿದ 'ಡೇಸ್ ಆಫ್ ಗ್ರೇಸ್' ಪ್ರಕಟವಾದದ್ದು 1993ರಲ್ಲಿ, ಆ್ಯಶ್ ತೀರಿಕೊಂಡ ಮೇಲೆ. ಅದರಲ್ಲಿ ಮೆಕೆನ್ರೊ ಕುರಿತ ಒಂದು ಭಾಗವನ್ನು ನಾನು ಎಷ್ಟು ಸಲ ಓದಿದ್ದೇನೋ ಲೆಕ್ಕವಿಲ್ಲ. ಮೆಕೆನ್ರೊ ತನಗೆ ಪರಕೀಯನಾಗಿರಲಿಲ್ಲ, ತನ್ನೊಳಗೇ ಇದ್ದ ಒಂದು ಭಾಗದ ಪ್ರತಿಬಿಂಬದಂತಿದ್ದ, ತಾನು ಅದುಮಿಟ್ಟುಕೊಂಡದ್ದನ್ನೆಲ್ಲ ಅವನು ಹೊರಹಾಕುತ್ತಿದ್ದನೇನೋ ಎಂಬರ್ಥದ ಮಾತುಗಳನ್ನು ಆ್ಯಶ್ ಅಲ್ಲಿ ಹೇಳುತ್ತಾರೆ. ಜೀವಮಾನವೆಲ್ಲ ಬಿಟ್ಟುಕೊಟ್ಟ ಎರಡು ಇಂಚುಗಳ ಲೆಕ್ಕ ಎಲ್ಲೋ ಜಮೆಯಾಗುತ್ತಿತ್ತು ಎಂಬುದು ಅವರಿಗೂ ಗೊತ್ತಿತ್ತು ಎಂದಾಯಿತು. ಜಾನ್ಸನ್ ಮಾಡಿದ್ದು ತಪ್ಪೆಂದು ಅವರು ಎಲ್ಲೂ ಹೇಳುವುದಿಲ್ಲ. ನನಗೂ ಹೇಳಲಾಗದು. ಬೇರೆ ದಾರಿಯಿತ್ತೆಂದು ಇಂದು ನಾವು ಹೇಳುವುದು ಸುಲಭ. ಆ ಡಾಕ್ಟರ ಎದುರಿಗಿದ್ದುದು ಒಂದು ಟೂರ್ನಿ, ಒಬ್ಬ ನಿರ್ದೇಶಕ, ಒಂದೇ ಒಂದು ಅವಕಾಶ. ಆದರೆ ಸಂಯಮವನ್ನು ಟೆನಿಸ್‌ನ ಉದಾತ್ತ ಮೌಲ್ಯವೆಂದು ಹೊಗಳುವ ಬರಹಗಳನ್ನು ಓದುವಾಗ, ಆ ಮೌಲ್ಯದ ಬೆಲೆಯನ್ನು ಯಾರಿಂದ ಎಷ್ಟು ವಸೂಲು ಮಾಡಲಾಯಿತು ಎಂಬುದನ್ನು ಕೇಳದಿರಲು ನನಗೆ ಆಗುವುದಿಲ್ಲ. ಮೆಕೆನ್ರೊ ಆಡಿದ ಮಾತುಗಳಲ್ಲಿ ಕಾಲುಪಾಲನ್ನು 1961ರ ಶಾರ್ಲಟ್ಸ್‌ವಿಲ್‌ನಲ್ಲಿ ಆ್ಯಶ್ ಆಡಿದ್ದರೆ, ಡೇವಿಸ್ ಕಪ್ ನಾಯಕನ ಕುರ್ಚಿಯಲ್ಲಿ ಅವರು ಇರುತ್ತಲೇ ಇರಲಿಲ್ಲ.

ಆ್ಯಶ್ ಚರಿತ್ರಕಾರರೂ ಹೌದೆಂಬುದನ್ನು ಬಹಳ ಜನ ಮರೆಯುತ್ತಾರೆ. 1980ರ ದಶಕದ ಆರಂಭದಲ್ಲಿ ಫ್ಲಾರಿಡಾದ ಕಾಲೇಜೊಂದರಲ್ಲಿ ಕಪ್ಪು ಕ್ರೀಡಾಪಟುಗಳ ಬಗ್ಗೆ ಪಾಠ ಮಾಡಲು ಹೊರಟಾಗ ಗ್ರಂಥಾಲಯದಲ್ಲಿ ಪುಸ್ತಕಗಳೇ ಸಿಗಲಿಲ್ಲ. ಸ್ವಂತ ಹಣ ಹಾಕಿ, ಸಹಾಯಕರನ್ನಿಟ್ಟುಕೊಂಡು ವರ್ಷಗಟ್ಟಲೆ ದುಡಿದು 1988ರಲ್ಲಿ 'ಎ ಹಾರ್ಡ್ ರೋಡ್ ಟು ಗ್ಲೋರಿ'ಯ ಮೂರು ಸಂಪುಟಗಳನ್ನು ತಂದರು. ಕೋರ್ಟಿನಲ್ಲಿ ಗೆರೆಯ ಬಗ್ಗೆ ವಾದಿಸದ ಮನುಷ್ಯ ಇಲ್ಲಿ ಪುಟಗಟ್ಟಲೆ ವಾದಿಸಿದ್ದಾರೆ: ಯಾರಿಗೆ ಯಾವ ವರ್ಷ ಯಾವ ಕ್ಲಬ್ಬು ಬಾಗಿಲು ಮುಚ್ಚಿತು, ಯಾರ ದಾಖಲೆ ಯಾರ ಹೆಸರಿಲ್ಲದೆ ಹೋಯಿತು. ಆ ಸಂಪುಟಗಳು ಬಂದ ವರ್ಷವೇ, ಹೃದಯ ಶಸ್ತ್ರಚಿಕಿತ್ಸೆಯ ವೇಳೆ ಪಡೆದ ರಕ್ತದಿಂದ ತಮಗೆ ಎಚ್‌ಐವಿ ತಗುಲಿದೆ ಎಂದು ಅವರಿಗೆ ತಿಳಿಯಿತು. 1992ರಲ್ಲಿ ಪತ್ರಿಕೆಯೊಂದು ಬೆನ್ನು ಹತ್ತಿದಾಗ ವಿಧಿಯಿಲ್ಲದೆ ಅದನ್ನು ಬಹಿರಂಗಪಡಿಸಬೇಕಾಯಿತು. ಅದೇ ವರ್ಷ ಹೈಟಿಯ ನಿರಾಶ್ರಿತರ ಪರವಾಗಿ ಶ್ವೇತಭವನದ ಮುಂದೆ ನಿಂತು ಮತ್ತೊಮ್ಮೆ ಬಂಧನಕ್ಕೊಳಗಾದರು. 1993ರ ಫೆಬ್ರುವರಿ 6ರಂದು ತೀರಿಕೊಂಡರು.

ಇಂದು ದೊಡ್ಡ ಟೂರ್ನಿಗಳಲ್ಲಿ ಚೆಂಡು ಒಳಗೋ ಹೊರಗೋ ಎಂದು ಕ್ಯಾಮೆರಾ ಹೇಳುತ್ತದೆ. ವಿಂಬಲ್ಡನ್ ಕೂಡ 2025ರಲ್ಲಿ ಗೆರೆ ತೀರ್ಪುಗಾರರನ್ನು ಮನೆಗೆ ಕಳಿಸಿತು. ಯಂತ್ರಕ್ಕೆ ಬಣ್ಣ ಕಾಣುವುದಿಲ್ಲವಾದ್ದರಿಂದ ಎರಡು ಇಂಚು ಬಿಟ್ಟುಕೊಡುವ ಅಗತ್ಯ ಅಲ್ಲಿ ಯಾರಿಗೂ ಇಲ್ಲ. ಕಿರಿಯರ ಟೂರ್ನಿಗಳಲ್ಲಿ ಮಕ್ಕಳು ಈಗಲೂ ತಾವೇ ಬೆರಳೆತ್ತಿ 'ಹೊರಗೆ' ಅನ್ನುತ್ತಾರೆ.

1996ರಲ್ಲಿ ರಿಚ್ಮಂಡ್‌ನ ಮಾನ್ಯುಮೆಂಟ್ ಅವೆನ್ಯೂದಲ್ಲಿ ಆ್ಯಶ್ ಪ್ರತಿಮೆ ನಿಂತಿತು. ಗುಲಾಮಗಿರಿ ಉಳಿಸಲು ಹೋರಾಡಿದ ಸೇನಾನಿಗಳ ಪ್ರತಿಮೆಗಳ ಬೀದಿ ಅದು. ಅಲ್ಲಿ ಬೇಕೇ ಬೇಡವೇ ಎಂದು ಊರೆಲ್ಲ ಜಗಳವಾಡಿತು. ಬೇಡವೆಂದವರಲ್ಲಿ ಕಪ್ಪು ಜನರೂ ಇದ್ದರು, ಆ ಸಾಲಿನಲ್ಲಿ ನಮ್ಮವನೇಕೆ ನಿಲ್ಲಬೇಕು ಎಂದು. 2020 ಮತ್ತು 2021ರಲ್ಲಿ ಸೇನಾನಿಗಳ ಪ್ರತಿಮೆಗಳನ್ನು ಒಂದೊಂದಾಗಿ ಕ್ರೇನುಗಳು ಎತ್ತಿಕೊಂಡು ಹೋದವು. ಈಗ ಅಲ್ಲಿ ಉಳಿದಿರುವುದು ಒಂದು ಕೈಯಲ್ಲಿ ರ‍್ಯಾಕೆಟ್, ಇನ್ನೊಂದು ಕೈಯಲ್ಲಿ ಪುಸ್ತಕಗಳನ್ನು ಮಕ್ಕಳ ತಲೆಯ ಮೇಲೆ ಎತ್ತಿ ಹಿಡಿದಿರುವ ಆ್ಯಶ್ ಮಾತ್ರ. ರ‍್ಯಾಕೆಟ್ಟಿಗಿಂತ ಪುಸ್ತಕಗಳು ಎತ್ತರದಲ್ಲಿವೆ.